ನೂರಮೂವತ್ತು ಬೈ ಎಂಬತ್ತು

ಆ ದಿನದ ಪಟ್ಟಿಯಲ್ಲಿ ನಾಲ್ಕನೆಯ ರೋಗಿ ಟೈಲರ್ ಮಾಸ್ಟರು ಎಂದು ಕಂಡ ಮೇಲೂ ಅವಳು ಮೊದಲು ಮಾಡಿದ್ದು ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಇಳಿಬಿಟ್ಟದ್ದು. ಇಪ್ಪತ್ತೆರಡು ವರ್ಷದ ಅಭ್ಯಾಸ. ಹೃದಯದ ಸ್ಕ್ಯಾನಿಗೆಂದು ಬಂದವರು ಅಂಗಿ ಬಿಚ್ಚಿ ಎಡಮಗ್ಗುಲಾಗಿ ಮಲಗಿದಾಗ ಎದೆಯ ಮೇಲೆ ತಣ್ಣನೆಯದು ಬಿದ್ದರೆ ಬೆಚ್ಚುತ್ತಾರೆ. ಬೆಚ್ಚಿದ ಹೃದಯ ಹತ್ತು ನಿಮಿಷ ನಿಜ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಇದಕ್ಕೇ ಆಸ್ಪತ್ರೆಯವರು ಅವಳಿಗೆ ಬಿಸಿನೀರಮ್ಮ ಎಂದು ಹೆಸರಿಟ್ಟಿದ್ದರು, ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಮುಖ ಮಾಡಿದ ಒಂದೇ ದೀಪ, ಗಾಲಿಯ ಸ್ಟೂಲು, ಎದುರಿಗೆ ಕಪ್ಪು ಪರದೆ, ಪರದೆಯಲ್ಲಿ ಯಾರದೋ ಹೃದಯ. ದಿನವಿಡೀ ಈ ಕತ್ತಲಲ್ಲಿ ಹೇಗಿರುತ್ತೀರಿ ಎಂದು ಹೊಸಬರು ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅವಳಿಗೆ ಇಲ್ಲಿ ಸುಖವಾಗಿತ್ತು. ಬೆಳಿಗ್ಗೆ ಬಂದು ಯಂತ್ರ ಹಚ್ಚಿ, ಅದು ಗೊಣಗುತ್ತ ಮೇಲೇಳುವ ಎರಡು ನಿಮಿಷದಲ್ಲಿ ಚಹಾ ಕುಡಿಯುವಾಗ, ತನ್ನಷ್ಟು ನೆಮ್ಮದಿಯ ಜೀವ ಈ ಕಟ್ಟಡದಲ್ಲಿ ಇನ್ನೊಂದಿಲ್ಲ ಎಂದು ಎಷ್ಟೋ ಸಲ ಅನಿಸಿದ್ದುಂಟು. ಇವತ್ತು ಚಹಾ ಆರಿತು. ಅವಳು ಪಟ್ಟಿಯನ್ನೇ ನೋಡುತ್ತ ಬಿಳಿಕೋಟಿನ ಹರಿದ ಜೇಬಿನ ಮೂಲೆಯನ್ನು ಬೆರಳಲ್ಲಿ ತಿರುವುತ್ತ ಕೂತಿದ್ದಳು.

ಆ ಜೇಬು ಹರಿದು ತಿಂಗಳುಗಳಾಗಿದ್ದವು. ಆಸ್ಪತ್ರೆಯ ಕೋಟು, ಅಂಗಿ, ಬಾಗಿಲಿನ ಪರದೆ ಎಲ್ಲವನ್ನೂ ಹೊಲಿಯುವವರು ಇದೇ ಮಾಸ್ಟರು. ದೊಡ್ಡ ಗೇಟಿನ ಎದುರಿಗೇ ಅವರ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ. ಹೃದಯದ ಆಪರೇಷನ್ನಾಗಿ ಮೂರು ತಿಂಗಳು ಮನೆಯಲ್ಲಿ ಕೂತು ಮತ್ತೆ ಅಂಗಡಿ ತೆರೆದ ಮಾಸ್ಟರು ಹೋದ ತಿಂಗಳು ಹೊಸ ಕೋಟುಗಳ ಅಳತೆಗೆಂದು ಕೊರಳಿಗೆ ಟೇಪು ಹಾಕಿಕೊಂಡು ಮಹಡಿ ಮಹಡಿ ಸುತ್ತಿದ್ದರು. ಅವಳ ಬಾಗಿಲನ್ನೂ ತಟ್ಟಿದ್ದರು. ಒಳಗೆ ಪೇಷಂಟ್ ಇದ್ದಾರೆ ಎಂದು ಅವಳು ಕೂಗಿ ಹೇಳಿದ್ದಳು. ಒಳಗೆ ಇದ್ದದ್ದು ಅವಳೊಬ್ಬಳೇ. ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಗುವ ತನಕ ಉಸಿರು ಬಿಗಿಹಿಡಿದು ಕೂತಿದ್ದಳು, ಐವತ್ತೊಂದು ವರ್ಷದ ಹೆಂಗಸು, ಕಣ್ಣಾಮುಚ್ಚಾಲೆ ಆಡುವವಳ ಹಾಗೆ. ಆರು ತಿಂಗಳಿಂದ, ಅಂಗಡಿ ಮುಚ್ಚಿದ್ದಾಗಲೂ, ಅವಳು ದೊಡ್ಡ ಗೇಟಿನಲ್ಲಿ ಓಡಾಡುವುದನ್ನೇ ಬಿಟ್ಟಿದ್ದಳು. ಬಟ್ಟೆ ಒಗೆಯುವವರ ಗಾಡಿಗಳು ನಿಲ್ಲುವ ಹಿಂದಿನ ಗೇಟಿನಿಂದ ಬರುತ್ತಿದ್ದಳು, ಅಲ್ಲಿಂದಲೇ ಹೋಗುತ್ತಿದ್ದಳು, ಯಾರಾದರೂ ಕೇಳಿದರೆ ನಡೆದರೆ ಒಳ್ಳೆಯದು ಎನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಒಂದು ತರಹ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೇ ಇಲ್ಲ, ಅವಳೇ ದಿನಕ್ಕೆರಡು ಸಲ ಹೆಗಲು ಒರೆಸಿಕೊಳ್ಳುತ್ತಿದ್ದಳು.

ಆಗಿದ್ದಿಷ್ಟು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ, ಮಾಸ್ಟರಿಗೆ ಬುಡದಲ್ಲೇ ಹಿಗ್ಗಿಬಿಟ್ಟಿತ್ತು. ಬುಡ ಹಿಗ್ಗಿದರೆ ಅಲ್ಲಿಯ ಕವಾಟ ಮುಚ್ಚಿಕೊಳ್ಳುವುದಿಲ್ಲ. ಹೊರಗೆ ಹೋದ ರಕ್ತ ಒಂದಷ್ಟು ಹಿಂದಕ್ಕೇ ಬರುತ್ತದೆ, ಅದನ್ನೂ ಹೊತ್ತು ಹೊತ್ತು ಹೃದಯದ ಎಡಗೋಣೆ ಊದಿಕೊಳ್ಳುತ್ತದೆ. ಕೋಣೆ ಊದಿದರೆ ಅದರ ಇನ್ನೊಂದು ಬಾಗಿಲು, ಮೈಟ್ರಲ್ ಕವಾಟ, ತನ್ನ ತಪ್ಪೇನೂ ಇಲ್ಲದೆ ಸೋರತೊಡಗುತ್ತದೆ. ಅದರ ಎರಡು ರೆಕ್ಕೆಗಳೂ ಸರಿಯಾಗಿಯೇ ಇರುತ್ತವೆ, ಚೌಕಟ್ಟು ಅಗಲವಾದ್ದರಿಂದ ಒಂದನ್ನೊಂದು ಮುಟ್ಟುವುದಿಲ್ಲ, ಅಷ್ಟೇ. ಬುಡವನ್ನು ಬದಲಾಯಿಸಲೇಬೇಕೆಂದು ದೊಡ್ಡ ಡಾಕ್ಟರು, ಎಂದರೆ ಎದೆ ತೆರೆಯುವ ಸರ್ಜನರು, ಆಗಲೇ ತೀರ್ಮಾನಿಸಿದ್ದರು. ಎದೆ ತೆರೆದಾಗ ಮೈಟ್ರಲನ್ನೂ ರಿಪೇರಿ ಮಾಡಬೇಕೇ, ಇಲ್ಲಾ ಬುಡ ಸರಿಯಾದರೆ ಅದು ತಾನಾಗಿ ಸರಿಹೋಗುತ್ತದೆಂದು ಬಿಡಬೇಕೇ ಎಂಬುದೊಂದೇ ಉಳಿದ ಪ್ರಶ್ನೆ. ಸೋರಿಕೆ ಅಲ್ಪವಾದರೆ ಬಿಡುತ್ತಾರೆ. ಮಧ್ಯಮವಾದರೆ ತಲೆ ಕೆರೆದುಕೊಳ್ಳುತ್ತಾರೆ. ಅಲ್ಪವೋ ಮಧ್ಯಮವೋ ಎಂದು ಅಳೆದು ಹೇಳಬೇಕಾದವಳು ಅವಳು.

ಸೋರಿಕೆಯನ್ನು ಅಳೆಯುವವರು ಮೊದಲು ರಕ್ತದ ಒತ್ತಡವನ್ನು ಅಳೆಯಬೇಕು. ನಲ್ಲಿಯನ್ನು ಸಣ್ಣಗೆ ಬಿಟ್ಟಾಗ ತೂತು ಪೈಪೂ ಮಾನವಂತನ ಹಾಗೆ ಸುಮ್ಮನಿರುತ್ತದೆ. ಅದರ ಬಂಡವಾಳ ಗೊತ್ತಾಗುವುದು ನೀರು ರಭಸವಾಗಿ ಬಂದಾಗಲೇ. ಅದಕ್ಕೇ ತೋಳಿಗೆ ಪಟ್ಟಿ ಕಟ್ಟಿ, ಒತ್ತಡ ನೋಡಿ, ರಿಪೋರ್ಟಿನ ತಲೆಯಲ್ಲಿ ಬರೆದು ಆಮೇಲೆ ಸ್ಕ್ಯಾನು. ಆವತ್ತು ಆ ತೋಳಪಟ್ಟಿ ಪಕ್ಕದ ಕೋಣೆಗೆ ಹೋಗಿತ್ತು. ಎದ್ದು ಹೋಗಿ ತರಬೇಕಿತ್ತು, ಹದಿನೈದು ಹೆಜ್ಜೆ. ವಾರ್ಡಿನ ಚೀಟಿಯಲ್ಲಿ ಬೆಳಿಗ್ಗೆ ಏಳಕ್ಕೆ ನೋಡಿದ್ದು ಇತ್ತು: ನೂರಮೂವತ್ತು ಬೈ ಎಂಬತ್ತು. ಅದನ್ನೇ ಇಳಿಸಿಕೊಂಡಳು. ಹೊತ್ತು ಎರಡು ದಾಟಿತ್ತು. ಮಾಸ್ಟರು ಇನ್ನೊಂದು ಪರೀಕ್ಷೆಗಾಗಿ ಹಿಂದಿನ ದಿನದಿಂದ ಖಾಲಿ ಹೊಟ್ಟೆಯಲ್ಲಿದ್ದರು, ಒತ್ತಡ ಇಳಿಸುವ ಮಾತ್ರೆಗಳನ್ನು ಮಾತ್ರ ನುಂಗಿದ್ದರು. ಸೋರಿಕೆ ಅಲ್ಪವಾಗಿಯೇ ಕಂಡಿತು, ಕಂಡದ್ದನ್ನು ಬರೆದಳು. ಇದರಲ್ಲಿ ಸುಳ್ಳೇನಿದೆ ಎಂದು ಆಮೇಲೆ ಎಷ್ಟೋ ಸಲ ತನ್ನೊಂದಿಗೇ ವಾದಕ್ಕಿಳಿದು, ತಲೆಯಲ್ಲಿದ್ದ ಆ ಒಂದು ಸಾಲಿಗೆ ಬಂದಾಗಲೆಲ್ಲ ಸೋತಿದ್ದಾಳೆ. ಅಷ್ಟೊಂದು ಆತುರ ಯಾಕಿತ್ತು ಎಂಬುದನ್ನು ನೆನೆದರೆ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮನೆಗೆ ಹೊಸ ಬೀರು ಬರುವುದಿತ್ತು. ಮೂರಕ್ಕೆ ಗಾಡಿ ಬರುತ್ತದೆಂದು ಗಂಡ ಎರಡು ಸಲ ಫೋನು ಮಾಡಿದ್ದ. ಎರಡು ದಿನ ಬಿಟ್ಟು, ಚಹಾ ಕುಡಿಯುತ್ತ, ವಾರ್ಡಿನ ನರ್ಸು ಮಾತಿಗೆ ಮಾತು ಬಂದು ಹೇಳಿದಳು: ಆ ಟೈಲರ್ ಮಾಸ್ಟರು ಸ್ಕ್ಯಾನ್ ಮುಗಿಸಿ ಬಂದು ಹಾಸಿಗೆಯ ಮೇಲೆ ಕೂತವರೇ ತಲೆ ಸುತ್ತುತ್ತದೆ ಎಂದರಂತೆ, ನೋಡಿದರೆ ಒತ್ತಡ ತೊಂಬತ್ತೂ ಇರಲಿಲ್ಲವಂತೆ. ಅವಳ ಕೈಯ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅಷ್ಟು ಹೊತ್ತಿಗೆ ಮಾಸ್ಟರ ಎದೆ ತೆರೆದು, ಬುಡವನ್ನೂ ಅಲ್ಲಿಯ ಕವಾಟವನ್ನೂ ಬದಲಾಯಿಸಿ, ಮೈಟ್ರಲನ್ನು ಮುಟ್ಟದೆ, ಹೊಲಿದು ಮುಗಿಸಿ ಒಂದು ದಿನವಾಗಿತ್ತು. ಥಿಯೇಟರಿನಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ಇನ್ನೊಮ್ಮೆ ನೋಡಿದ್ದರು, ನಿಜ. ಆದರೆ ಅರಿವಳಿಕೆ ಕೊಟ್ಟಾಗ ಒತ್ತಡ ಹೇಗೂ ಇಳಿದಿರುತ್ತದೆ, ಅಲ್ಲಿಯೂ ಅಲ್ಪವೇ ಕಂಡಿರುತ್ತದೆ. ಅವಳು ಲೋಟವನ್ನು ತೊಳೆದಿಟ್ಟು ಕೆಲಸಕ್ಕೆ ಹೋದಳು, ಯಾರಿಗೂ ಏನೂ ಹೇಳಲಿಲ್ಲ.

ಆ ಬೀರುವಿಗೂ ಮನೆಗೆ ಬಂದ ದಿನದಿಂದ ಬಾಗಿಲು ಕೂಡುತ್ತಿರಲಿಲ್ಲ. ಎರಡು ಬಾಗಿಲುಗಳ ನಡುವೆ ಒಂದು ಬೆರಳು ಸಂದಿ ಬಿಟ್ಟುಕೊಂಡು ದಿನವೂ ಅವಳನ್ನು ನೋಡುತ್ತಿತ್ತು. ಇವತ್ತು ಬೆಳಿಗ್ಗೆ ಗಂಡ, ಜೀವಮಾನವಿಡೀ ಪುಸ್ತಕಗಳ ಅಚ್ಚಿನ ತಪ್ಪು ತಿದ್ದಿದ ಮನುಷ್ಯ, ಹಲ್ಲುಜ್ಜುತ್ತಲೇ ನೆಲಕ್ಕೆ ಕೂತು, ಬೀರುವಿನ ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ತುರುಕಿದ. ಎದ್ದು ನಿಂತು ನೋಡಿದರೆ ಬಾಗಿಲುಗಳು ತಾವಾಗಿ ಬಂದು ಕೂಡಿದ್ದವು. ಬಾಗಿಲಿನದೇನೂ ತಪ್ಪಿಲ್ಲ ಕಣೆ, ತಪ್ಪೆಲ್ಲ ಕಾಲಿನದು, ಎಂದು ಬಾಯ್ತುಂಬ ನೊರೆಯಲ್ಲೇ ಹೇಳಿ, ಜಗತ್ತನ್ನೇ ರಿಪೇರಿ ಮಾಡಿದವನಂತೆ ಬಚ್ಚಲಿಗೆ ಹೋದ. ಅವಳಿಗೆ ನಗು ಬಂತು. ಹಿಂದೆಯೇ ಮಾಸ್ಟರ ಎದೆ ನೆನಪಾಯಿತು. ಬುಡ ಸರಿಯಾದರೆ ಬಾಗಿಲು ಕೂಡುತ್ತದೆ, ಹೆಚ್ಚಿನವರಲ್ಲಿ ಕೂಡುತ್ತದೆ. ಕೋಣೆಯ ಊತ ಇಳಿದ ಹಾಗೆಲ್ಲ ಸೋರಿಕೆ ಇಳಿಯುವುದನ್ನು ಅವಳೇ ನೂರಾರು ಎದೆಗಳಲ್ಲಿ ಕಂಡಿದ್ದಳು. ಕೆಲವರಲ್ಲಿ ಇಳಿಯದೆ ಉಳಿಯುವುದನ್ನೂ ಕಂಡಿದ್ದಳು. ಅಂಥವರು ಒಂದು ದಿನ ಎರಡು ದಿಂಬು ಸಾಲದೆ ಮೂರು ಕೇಳುತ್ತಾರೆ, ಮೆಟ್ಟಿಲ ಅರ್ಧದಲ್ಲಿ ಕಂಬಿ ಹಿಡಿದು ನಿಲ್ಲುತ್ತಾರೆ, ಆಮೇಲೆ ಒಮ್ಮೆ ತೆರೆದ ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ಮಾಸ್ಟರು ಈ ಎರಡರಲ್ಲಿ ಯಾವ ಸಾಲಿನವರು ಎಂಬುದು ಇವತ್ತು ಹನ್ನೊಂದು ಗಂಟೆಗೆ ಅವಳಿಗೆ ಗೊತ್ತಾಗಬೇಕಿತ್ತು. ಪಕ್ಕದ ಕೋಣೆಯವಳಿಗೆ ನೀನೇ ನೋಡಿಬಿಡು ಎನ್ನಬಹುದಿತ್ತು. ಬಾಯಿಯ ತನಕ ಬಂತು, ಅನ್ನಲಿಲ್ಲ.

ಮಾಸ್ಟರು ಒಳಗೆ ಬಂದು ಕತ್ತಲಿಗೆ ಕಣ್ಣು ಹೊಂದಲೆಂದು ಬಾಗಿಲಲ್ಲೇ ನಿಂತರು. ಸಣಕಲು ಆಳು, ಕೊರಳಲ್ಲಿ ಟೇಪು ಹಾಗೇ ಇತ್ತು, ತೆಗೆದಿಡುವುದು ಮರೆತಿದ್ದರು.

"ಇವತ್ತು ಒಳಗೆ ಪೇಷಂಟ್ ಇದ್ದಾರೆ ಅನ್ನೋ ಹಾಗಿಲ್ಲಮ್ಮ, ನಾನೇ ಪೇಷಂಟು" ಎಂದರು.

ಅವಳ ಮುಖ ಉರಿಯಿತು. ದೀಪ ಗೋಡೆಯ ಕಡೆಗಿದ್ದದ್ದು ಪುಣ್ಯ. ಕೂತುಕೊಳ್ಳಿ ಮಾಸ್ಟ್ರೇ ಎಂದಷ್ಟೇ ಹೇಳಿ ತೋಳಿಗೆ ಪಟ್ಟಿ ಕಟ್ಟಿದಳು. ಈಗ ಅವಳ ಕೋಣೆಯ ಪಟ್ಟಿ ಮೇಜಿಗೆ ಹಗ್ಗ ಹಾಕಿ ಕಟ್ಟಿಟ್ಟದ್ದು. ಬೇರೆಯವರು ಒಯ್ಯುತ್ತಾರೆ ಎಂದು ಎಲ್ಲರಿಗೂ ಹೇಳಿದ್ದಳು. ನೂರ ನಲವತ್ತೆಂಟು ತೋರಿಸಿತು. ಮೆಟ್ಟಿಲು ಹತ್ತಿ ಬಂದಿದ್ದೀರಿ, ಐದು ನಿಮಿಷ ಬಿಟ್ಟು ನೋಡೋಣ ಎಂದಳು. ಆ ಐದು ನಿಮಿಷ ಮಾಸ್ಟರು ಸುಮ್ಮನಿರುವ ಜಾತಿಯಲ್ಲ. ಹಿಗ್ಗಿದ ಬುಡದ ಜಾಗದಲ್ಲಿ ತಮ್ಮೊಳಗೆ ಕೂರಿಸಿದ ಕೊಳವೆ ನೇಯ್ದ ಬಟ್ಟೆಯದು ಎಂದು ಗೊತ್ತಾದಾಗಿನಿಂದ ಅವರಿಗೆ ಅದೊಂದೇ ಧ್ಯಾನ. ದೊಡ್ಡ ಡಾಕ್ಟರು ಉಳಿದ ಒಂದು ತುಂಡನ್ನು ತೋರಿಸಿದ್ದರಂತೆ, ಇವರು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರಂತೆ, ನೇಯ್ಗೆ ಬಿಗಿಯಾಗಿದೆ, ನೆರಿಗೆ ಚೆನ್ನಾಗಿದೆ, ಒಗೆದರೆ ಕುಗ್ಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ನಕ್ಕು, ಆಮೇಲೆ ಗಂಭೀರವಾಗಿ, ಇಲ್ಲ ಎಂದರಂತೆ. ಮೂವತ್ತೈದು ವರ್ಷ ಊರಿಗೆಲ್ಲ ಹೊಲಿದವನ ಎದೆಯೊಳಗೆ ಬೇರೆಯವರ ಹೊಲಿಗೆ ಇರುವುದು ವೃತ್ತಿಗೆ ಅವಮಾನ, ಆದರೆ ಕೆಲಸ ಮಾತ್ರ ಅಚ್ಚುಕಟ್ಟು, ಒಪ್ಪಿಕೊಳ್ಳಬೇಕು ಎಂದರು. ಈಗ ರಕ್ತ ತೆಳುವಾಗಿಸುವ ಮಾತ್ರೆ ನುಂಗುವುದರಿಂದ ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಅದಕ್ಕೆ ಬೆರಳಿಗೆ ತಗಡಿನ ಟೊಪ್ಪಿಗೆ ಹಾಕಿಕೊಂಡೇ ಕೂರುವುದು ಎಂದು ಜೇಬಿನಿಂದ ತೆಗೆದು ತೋರಿಸಿದರು. ಲೋಹದ ಹೊಸ ಕವಾಟ ಒಳಗೆ ಸಣ್ಣಗೆ ಟಿಕ್ ಟಿಕ್ ಎನ್ನುವುದು ಆ ಕೋಣೆಯ ಮೌನದಲ್ಲಿ ಕೇಳುತ್ತಿತ್ತು. ಅವಳು ಮತ್ತೆ ಪಟ್ಟಿಗೆ ಗಾಳಿ ತುಂಬಿದಳು. ಗಾಳಿ ಇಳಿಯಿತು, ಅಂಕಿ ನಿಂತಿತು. ನೂರಮೂವತ್ತು ಬೈ ಎಂಬತ್ತು.

ಅವಳು ಅಂಕಿಯನ್ನು ನೋಡಿದಳು, ಅದೂ ಅವಳನ್ನು ನೋಡಿತು. ಆರು ತಿಂಗಳ ಹಿಂದೆ ಸುಳ್ಳಾಗಿ ಬರೆದದ್ದು ಇವತ್ತು ನಿಜವಾಗಿ ಬಂದು ಕೂತಿತ್ತು, ಬೇಕೆಂದೇ ಯಾರೋ ಕಳಿಸಿಕೊಟ್ಟಂತೆ. ಯಂತ್ರವನ್ನೂ ನಂಬದೆ ಕಿವಿಗೆ ಸ್ಟೆತಸ್ಕೋಪು ಹಾಕಿ ಕೈಯಾರೆ ಇನ್ನೊಮ್ಮೆ ನೋಡಿದಳು. ಅಷ್ಟೇ ಇತ್ತು. ಬೆಚ್ಚನೆಯ ಜೆಲ್ ಹಚ್ಚಿ, ಎದೆಯ ನಡುವೆ ಮೇಲಿನಿಂದ ಕೆಳಗೆ ಇಳಿದ ಹೊಲಿಗೆಯ ಗುರುತಿನ ಪಕ್ಕ ಸಲಕರಣೆಯನ್ನು ಒತ್ತಿ ಹಿಡಿದಳು. ಮೊದಲು ಬುಡ ನೋಡಿದಳು, ಬಟ್ಟೆಯ ಕೊಳವೆ ನೇರವಾಗಿ, ಶಿಸ್ತಾಗಿ ನಿಂತಿತ್ತು. ಹೊಸ ಕವಾಟ ನೋಡಿದಳು. ಎಡಗೋಣೆಯನ್ನು ಅಳೆದಳು: ಅರವತ್ತಾರು ಮಿಲಿಮೀಟರ್ ಇದ್ದದ್ದು ಐವತ್ತನಾಲ್ಕಕ್ಕೆ ಇಳಿದಿತ್ತು. ಆಗಲೇ ಖುಷಿಪಡಬಹುದಿತ್ತು, ಅವಳಿಗೆ ಧೈರ್ಯ ಬರಲಿಲ್ಲ. ಬೇಡದ ಕೋನಗಳಿಂದೆಲ್ಲ ನೋಡಿದಳು, ಬೇಡದ ಚಿತ್ರಗಳನ್ನೆಲ್ಲ ತೆಗೆದಳು, ಚಿಕ್ಕಂದಿನಲ್ಲಿ ಪರೀಕ್ಷೆಯ ಫಲಿತಾಂಶ ಹಚ್ಚಿದ ಗೋಡೆಯ ಹತ್ತಿರ ಹೋಗದೆ ಮೈದಾನ ಸುತ್ತಿದ ಹಾಗೆ ಮೈಟ್ರಲಿನ ಸುತ್ತಮುತ್ತ ಸುತ್ತಿದಳು. ಆವತ್ತು ಅಪ್ಪ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿದ್ದರು, ಅಪ್ಪನ ಅಂಗೈ ಒದ್ದೆಯಾಗಿತ್ತು ಎಂಬುದು ಅವಳಿಗೆ ಈಗ ಹೊಳೆಯಿತು, ತನಗಿಂತ ಅವರಿಗೇ ಹೆಚ್ಚು ಭಯವಿತ್ತೇನೋ. ಮಾಸ್ಟರು ಗೋಡೆಯ ಕಡೆ ಮುಖ ಮಾಡಿ ತಾಳ್ಮೆಯಿಂದ ಮಲಗಿದ್ದರು. ಉಸಿರು ಪೂರ್ತಿ ಬಿಟ್ಟು ಹಾಗೇ ಇರಿ ಎಂದಳು. ಬಣ್ಣದ ಗುಂಡಿ ಒತ್ತಿದಳು. ಕಪ್ಪು ಬಿಳಿಯ ಹೃದಯದೊಳಗೆ ಕೆಂಪು ನೀಲಿ ಹರಿಯಿತು. ಎರಡು ರೆಕ್ಕೆಗಳು ಮೇಲೆದ್ದವು, ಬಂದವು, ಕೂಡಿದವು. ಕೂಡಿದ ಜಾಗದಿಂದ ಒಂದು ನೀಲಿ ಎಳೆ, ಸೂಜಿಗೆ ಪೋಣಿಸಬಹುದಾದಷ್ಟು ಸಣ್ಣದು, ಹಿಂದಕ್ಕೆ ಚಿಮ್ಮಿ ಆರಿತು. ಮುಂದಿನ ಬಡಿತದಲ್ಲೂ ಅಷ್ಟೇ. ಅದರ ಮುಂದಿನದರಲ್ಲೂ. ಇನ್ನೊಂದು ಕೋನದಿಂದ ನೋಡಿದಳು, ಬಣ್ಣ ಹೆಚ್ಚಿಸಿ ನೋಡಿದಳು, ತನ್ನನ್ನೇ ಸಿಕ್ಕಿಬೀಳಿಸುವವಳಂತೆ ಹುಡುಕಿದಳು. ಅಲ್ಪ. ಒತ್ತಡ ಸರಿಯಾಗಿದ್ದೂ ಅಲ್ಪ. ಉಸಿರು ಎಳ್ಕೊಳ್ಳಲಾ ಅಮ್ಮ ಎಂದು ಮಾಸ್ಟರು ಕಷ್ಟದಲ್ಲಿ ಕೇಳಿದಾಗಲೇ ಅವರನ್ನು ಹಾಗೆಯೇ ಇರಿಸಿದ್ದೇನೆಂದು ಅವಳಿಗೆ ನೆನಪಾದದ್ದು.

ಏನು ಕಂಡಿತೆಂದು ರೋಗಿಗೆ ಹೇಳುವುದು ಅವಳ ಕೆಲಸವಲ್ಲ, ಡಾಕ್ಟರದು. ಇಪ್ಪತ್ತೆರಡು ವರ್ಷದಲ್ಲಿ ಆ ನಿಯಮ ಮುರಿದವಳಲ್ಲ. ಎದೆಯ ಜೆಲ್ಲನ್ನು ಒರೆಸಿಕೊಳ್ಳಲು ಟವೆಲು ಕೊಡುತ್ತ, ಚೆನ್ನಾಗಿದೆ ಮಾಸ್ಟ್ರೇ ಎಂದುಬಿಟ್ಟಳು. ಮಾಸ್ಟರು ಗುಂಡಿ ಹಾಕಿಕೊಳ್ಳುತ್ತ ಅವಳನ್ನು ಒಂದು ಕ್ಷಣ ನೋಡಿ, ಅಂಗಡಿ ಕಡೆ ಬನ್ನಿ, ಆ ಜೇಬು ನನ್ನ ಕಣ್ಣಲ್ಲಿ ನೋಡಕ್ಕಾಗ್ತಿಲ್ಲ ಎಂದು ಹೋದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವಳಿಗೆ ಒಂದರ್ಧ ಗಂಟೆಯಾದರೂ ಆ ಆಯಸ್ಸು ಸಿಕ್ಕಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು, ಅದೂ ರುಚಿಯಾಗಿತ್ತು. ಐದನೆಯ ರೋಗಿ ಒಬ್ಬ ಜಗಳಗಂಟ ಮುದುಕ, ಅವನೊಡನೆಯೂ ನಗುತ್ತ ಮಾತಾಡಿದಳು. ಆಮೇಲೆ ಮಾಸ್ಟರ ರಿಪೋರ್ಟು ಬರೆಯಲು ಕೂತಳು. ಕೊನೆಗೊಂದು ಜಾಗವಿತ್ತು: ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ. ಹಿಂದೆ ಅಲ್ಪ, ಈಗ ಅಲ್ಪ, ಬದಲಾವಣೆ ಇಲ್ಲ ಎಂದು ಬರೆದಳು. ಬರೆದದ್ದನ್ನು ಓದಿದಳು. ಎದೆಯೊಳಗೆ ಆರು ತಿಂಗಳು ದುಡಿದು ಒಂದು ಕೋಣೆ ಕುಗ್ಗಿ, ಎರಡು ರೆಕ್ಕೆಗಳು ಹತ್ತಿರ ಬಂದು ಕೈಕೈ ಹಿಡಿದಿವೆ, ಇವಳು ಬದಲಾವಣೆ ಇಲ್ಲ ಎನ್ನುತ್ತಾಳೆ. ಆ ಹೃದಯ ತಾನಾಗಿ ಮಾಡಿಕೊಂಡ ಒಳ್ಳೆಯ ಕೆಲಸವನ್ನು ಅವಳ ಹದಿನೈದು ಹೆಜ್ಜೆಯ ಸೋಮಾರಿತನ ನುಂಗಿಹಾಕಿತ್ತು. ಅಷ್ಟೇ ಆಗಿದ್ದರೆ ನುಂಗಲಿ ಎನ್ನಬಹುದಿತ್ತು. ದೊಡ್ಡ ಡಾಕ್ಟರು ಬುಡ ಬದಲಾಯಿಸಿದ ಪ್ರತಿಯೊಬ್ಬರದೂ ಒಂದು ತಖ್ತೆ ಇಟ್ಟಿದ್ದರು, ಮೊದಲು ಎಷ್ಟು ಸೋರುತ್ತಿತ್ತು, ಮುಟ್ಟದೆ ಬಿಟ್ಟ ಮೇಲೆ ಎಷ್ಟು ಎಂದು. ಮುಂದಿನವರದನ್ನು ಮುಟ್ಟಬೇಕೋ ಬಿಡಬೇಕೋ ಎಂದು ತೂಗುವುದು ಅದನ್ನು ನೋಡಿಯೇ. ನಾಳೆ ಒಬ್ಬ ಲೈಬ್ರರಿಯ ಹೆಂಗಸಿನ ಆಪರೇಷನ್ನು. ಅವಳದೂ ಇದೇ ಕಥೆ: ಹಿಗ್ಗಿದ ಬುಡ, ಊದಿದ ಕೋಣೆ, ಮಧ್ಯಮ ಸೋರಿಕೆ. ನಿನ್ನೆ ತಾನೇ ಇವಳು ಅಳೆದಿದ್ದಳು, ಒತ್ತಡ ಸರಿಯಾಗಿ ನೋಡಿಯೇ. ಮುಟ್ಟದೆ ಬಿಟ್ಟರೂ ಸೋರಿಕೆ ತಾನಾಗಿ ಇಳಿಯಿತು ಎಂಬ ಮಾಸ್ಟರ ನಿಜ ಆ ಹೆಂಗಸಿನ ಪರವಾಗಿ ಸಾಕ್ಷಿ ಹೇಳಬೇಕಿತ್ತು, ಇವಳು ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿ ಕೂತಿದ್ದಳು. ಬೀರುವಿನ ಕಾಲಿನ ಕೆಳಗೆ ರಟ್ಟು ತುರುಕುವಾಗ ಗಂಡ ನೆಲಕ್ಕೆ ಕೆನ್ನೆ ಹಚ್ಚಿ, ಬಗ್ಗದೆ ಏನೂ ಕಾಣಲ್ಲ ಎಂದು ಗೊಣಗಿದ್ದ. ಅವಳು ಎದ್ದಳು.

ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ಬರಬೇಕು, ಅದು ಅವರ ಹುಚ್ಚು. ಹಾಗೆ ಬರುವ ತನಕ ಯಾರೊಂದಿಗೂ ಮಾತಿಲ್ಲ. ಅವಳು ನಿಂತೇ ಇದ್ದಳು. ಮಾತನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುವ ನಾಲ್ಕಾರು ದಾರಿಗಳನ್ನು ಮೆಟ್ಟಿಲಲ್ಲಿ ಕಟ್ಟಿಕೊಂಡು ಬಂದಿದ್ದಳು, ಕೆಲವು ಗೊಂದಲ, ಅಂದಿನ ಪರಿಸ್ಥಿತಿ, ಹೀಗೆ. ಒಂದೂ ನೆನಪಾಗಲಿಲ್ಲ.

"ಟೈಲರ್ ಮಾಸ್ಟ್ರ ಹಳೇ ರಿಪೋರ್ಟಲ್ಲಿರೋ ಬಿಪಿ ನಾನು ನೋಡಿದ್ದಲ್ಲ ಸರ್. ವಾರ್ಡಿನ ಚೀಟಿ ನೋಡಿ ಬರೆದಿದ್ದು. ಆವಾಗ ಅವರಿಗೆ ತೊಂಬತ್ತೂ ಇರ್ಲಿಲ್ಲ."

ಸಿಪ್ಪೆ ಹರಿಯಿತು. ಡಾಕ್ಟರು ಹಣ್ಣನ್ನು ಕೆಳಗಿಟ್ಟು ಕೈ ಒರೆಸಿಕೊಂಡು ಕಂಪ್ಯೂಟರಿನತ್ತ ತಿರುಗಿದರು. ಹಳೆಯ ಕಾಗದಗಳನ್ನೆಲ್ಲ ತೆರೆದರು, ಅವಳು ಇವತ್ತು ತೆಗೆದ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಗೋಡೆಯ ಗಡಿಯಾರದ ಸದ್ದನ್ನು ಅವಳು ಮಾಸ್ಟರ ಟಿಕ್ ಟಿಕ್ ಅಂದುಕೊಂಡಳು.

"ಹೊರಗಿನ ಲ್ಯಾಬಿನವರು ಮಧ್ಯಮ ಅಂತ ಕೊಟ್ಟಿದ್ರು. ನೀವು ಅಲ್ಪ ಅಂದ್ರಿ. ನಾನು ನಿಮ್ಮನ್ನ ನಂಬಿದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರೇ ಮುಂದುವರಿಸಿದರು. "ಮಧ್ಯಮ ಅಂದಿದ್ರೆ ಅದನ್ನೂ ಹೊಲೀತಿದ್ದೆ. ಹೃದಯ ನಿಲ್ಲಿಸಿಟ್ಟ ಹೊತ್ತು ಮುಕ್ಕಾಲು ಗಂಟೆ ಜಾಸ್ತಿ ಆಗ್ತಿತ್ತು. ಈಗ ನೋಡಿದ್ರೆ ಬೇಕಾಗಿರ್ಲಿಲ್ಲ."

ಅವಳ ಮುಖದಲ್ಲಿ ಏನೋ ಅರಳಿರಬೇಕು. ಡಾಕ್ಟರು ತಲೆಯಾಡಿಸಿದರು.

"ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸಂಬಂಧ ಕಟ್ಟಬೇಡಿ. ಇದು ಕೆಟ್ಟಿದ್ದಿದ್ರೆ ಆ ಮನುಷ್ಯನ ಎದೆ ನಾನು ಎರಡನೇ ಸಲ ತೆಗೀಬೇಕಿತ್ತು, ಯಾಕೆ ಅಂತ ನನಗೆ ಗೊತ್ತೂ ಆಗ್ತಿರ್ಲಿಲ್ಲ."

ಹಳೆಯ ರಿಪೋರ್ಟಿಗೆ ತಿದ್ದುಪಡಿ ಬರೆದು, ಇಂದಿನ ತಾರೀಖು ಹಾಕಿ ಸಹಿ ಮಾಡಿ ಕೊಡಿ ಎಂದರು; ಆಡಳಿತದವರು ಕರೆದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ ಎಂದೂ ಹೇಳಿದರು. ನಾಳೆಯ ಹೆಂಗಸಿನದನ್ನು ಇನ್ನೊಮ್ಮೆ ಅಳೆಯಿರಿ, ನಾನು ಬಂದು ನಿಲ್ಲುತ್ತೇನೆ ಎಂದರು. ನಿಂತರು ಕೂಡ. ಮೂರು ಗಂಟೆಗೆ ಅವಳ ಕತ್ತಲೆ ಕೋಣೆಯಲ್ಲಿ ಅವಳ ಸ್ಟೂಲಿನ ಹಿಂದೆ ಕೈಕಟ್ಟಿ ನಿಂತರು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಅವಳ ಹಿಂದೆ ನಿಂತು ಅವಳ ಕೈ ನೋಡುತ್ತಿದ್ದರು. ಅವಳು ಪಟ್ಟಿ ಕಟ್ಟಿದಳು. ಮೇಜಿಗೆ ಕಟ್ಟಿದ ಹಗ್ಗ ಅವರ ಕಣ್ಣಿಗೆ ಬಿತ್ತು, ಅವರು ಅದನ್ನು ಬೆರಳಿನಿಂದ ಒಮ್ಮೆ ಎಳೆದು ನೋಡಿ ಬಿಟ್ಟರು, ಅದೇ ಸಾಕಾಯಿತು. ಲೈಬ್ರರಿಯ ಹೆಂಗಸು ಮಾತ್ರ ಜೆಲ್ ಬೆಚ್ಚಗಿದೆ ಎಂದು ಸಂತೋಷಪಟ್ಟಳು. ಸೋರಿಕೆ ಮಧ್ಯಮವೇ ಇತ್ತು. ಡಾಕ್ಟರು ಹೊರಡುವಾಗ, ಬುಡ ಹೊಲಿದ ಮೇಲೆ ಥಿಯೇಟರಲ್ಲೇ ಔಷಧಿ ಕೊಟ್ಟು ಒತ್ತಡ ಏರಿಸಿ ನೋಡುತ್ತೇನೆ, ಮಾಸ್ಟರ ಹಾಗೆ ಇವರದೂ ಕೂಡುವಂತೆ ಕಂಡರೆ ಮುಟ್ಟುವುದಿಲ್ಲ, ಆ ಹೊತ್ತಿಗೆ ನೀವೂ ಬನ್ನಿ, ಪರದೆ ನೋಡಲು ಇನ್ನೊಂದು ಕಣ್ಣು ಬೇಕು ಎಂದರು. ಬೇಜಾರಿನ ದನಿಯಲ್ಲೇ ಹೇಳಿದರು, ಆದರೂ ಬನ್ನಿ ಎಂದದ್ದು ಬನ್ನಿ ಎಂದೇ ಆಗಿತ್ತು. ಅವಳು ಮಾಸ್ಟರ ರಿಪೋರ್ಟಿನ ಕೊನೆಯ ಸಾಲನ್ನು ಹೊಡೆದುಹಾಕಿ, ಹಿಂದಿನ ಅಳತೆ ನಂಬುವಂಥದ್ದಲ್ಲ, ಸೋರಿಕೆ ಗಣನೀಯವಾಗಿ ಇಳಿದಿರುವ ಸಂಭವವಿದೆ ಎಂದು ಬರೆದು ಸಹಿ ಹಾಕಿದಳು.

ಐದು ಗಂಟೆಗೆ ಅವಳು ದೊಡ್ಡ ಗೇಟಿನಿಂದ ಹೊರಗೆ ಬಂದಳು. ಬಿಸಿಲು ಕಣ್ಣು ಚುಚ್ಚಿತು. ರಸ್ತೆ ದಾಟುವಾಗ ಮಾಸ್ಟರು ಯಂತ್ರದ ಹಿಂದಿನಿಂದಲೇ ಕಂಡು ಎದ್ದು ನಿಂತರು, ಒಳಗೆ ಹೋಗಿ ಒಂದು ಬಿಳಿಕೋಟು ತಂದರು. ದೊಡ್ಡ ದೊಡ್ಡ ಹೊಲಿಗೆಯಲ್ಲಿ ಹಿಡಿಸಿಟ್ಟಿದ್ದ ಕೋಟು, ಎದೆಯ ಮೇಲೆ ಚೀಟಿ: ಬಿಸಿನೀರಮ್ಮ. ಎಲ್ಲರದ್ದೂ ಮುಗಿದಿದೆ, ಇದೊಂದೇ ಉಳಿದಿದ್ದು ಎಂದು ಹಿಡಿದು ತೊಡಿಸಿದರು. ಭುಜದಲ್ಲಿ ಬಿಗಿಯಿತು, ಎದೆಯ ಮೇಲೆ ಗುಂಡಿ ಕೂಡಲಿಲ್ಲ, ಕನ್ನಡಿಯಲ್ಲಿ ಅವಳು ತಂಗಿಯ ಅಂಗಿ ತೊಟ್ಟ ಅಕ್ಕನಂತಿದ್ದಳು. ಮಾಸ್ಟರು ನಾಚಿಕೆಯಿಂದ ತಲೆ ಕೆರೆದುಕೊಂಡರು. ಅಳೆಯದೆ ಕತ್ತರಿ ಹಿಡಿಯಬಾರದೆಂದು ಊರಿಗೆಲ್ಲ ಹೇಳುವವನು ನಾನು, ನೀವು ಕೈಗೆ ಸಿಗಲಿಲ್ಲವೆಂದು ಕಣ್ಣಳತೆಯಲ್ಲೇ ಕತ್ತರಿಸಿದೆ, ನೋಡಿ ಹೀಗಾಯಿತು ಎಂದರು. ಅವಳು ಆ ಬಿಗಿದ ಕೋಟಿನಲ್ಲೇ, ಕನ್ನಡಿಯೊಳಗಿನ ಅವರ ಮುಖ ನೋಡುತ್ತ, ಎಲ್ಲವನ್ನೂ ಹೇಳಿದಳು. ಪಟ್ಟಿ, ಹದಿನೈದು ಹೆಜ್ಜೆ, ಚೀಟಿ, ನರ್ಸಿನ ಮಾತು. ಬೀರುವನ್ನೂ ಬಿಡಲಿಲ್ಲ. ಈಗ ಏನೂ ಭಯವಿಲ್ಲ ಎಂಬುದನ್ನು ಎರಡು ಸಲ ಹೇಳಿದಳು.

ಮಾಸ್ಟರು ಸ್ಟೂಲಿನ ಮೇಲೆ ಕೂತರು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಸದ್ದು ಅಡಗಿದ ಮೇಲೆ ಅಂಗಡಿಯಲ್ಲಿ ಅವರ ಎದೆಯ ಟಿಕ್ ಟಿಕ್ ಮಾತ್ರ ಉಳಿಯಿತು.

"ಹಾಗಾದ್ರೆ ಈ ಆರು ತಿಂಗಳೂ ನಿಮಗೆ ಗೊತ್ತಿತ್ತು" ಎಂದರು.

"ಗೊತ್ತಿತ್ತು."

"ಹೇಳಬೇಕಿತ್ತಮ್ಮ."

"ಹೌದು ಮಾಸ್ಟ್ರೇ."

ಅವರು ಬೆರಳಿನ ತಗಡಿನ ಟೊಪ್ಪಿಗೆಯನ್ನು ತೆಗೆದರು, ಮತ್ತೆ ಹಾಕಿಕೊಂಡರು. ಅವಳಿಗೆ ಹೊರಟುಹೋಗಬೇಕು ಅನಿಸಿತು, ಕೋಟು ಬಿಚ್ಚದೆ ಹೋಗುವ ಹಾಗಿರಲಿಲ್ಲ.

"ನನಗೆ ಗೊತ್ತಿರ್ಲಿಲ್ಲ ನೋಡಿ" ಎಂದರು ಮಾಸ್ಟರು ಕೊನೆಗೆ. "ಹೊಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ, ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಕುಣಿದೆ. ನನ್ನ ಪಾಲಿನ ಭಯ ಎಲ್ಲ ನೀವೇ ಪಟ್ಟುಬಿಟ್ರಿ." ಎದ್ದು ಬಂದು ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡರು. "ಬಿಚ್ಚಿ ಅದನ್ನ. ಒಳಗೆ ಬಟ್ಟೆ ಬಿಟ್ಟಿದೀನಿ, ಅಗಲಿಸಬಹುದು. ಕೈ ಎತ್ತಿ."

ಅವಳು ಕೋಟು ಬಿಚ್ಚಿಟ್ಟು ಕೈ ಎತ್ತಿದಳು. ಕಣ್ಣಲ್ಲಿ ನೀರು ತುಂಬಿ ಕನ್ನಡಿ ಮಸುಕಾಗಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಟೇಪು ಬೆನ್ನ ಹಿಂದಿನಿಂದ ಬಂದು ಎದೆಯ ಮುಂದೆ ಕೂಡುವಾಗ ಅಭ್ಯಾಸಬಲದಿಂದ ಹೊಟ್ಟೆಯನ್ನು ಒಳಗೆಳೆದುಕೊಂಡು ಬಿಗಿಯಾಗಿ ನಿಂತಳು. ಮಾಸ್ಟರು ಅಂಕಿ ಓದದೆ ಕಾದರು. ಅಳತೆ ಕೊಡುವಾಗ ಎಲ್ಲರೂ ಹೀಗೇ, ಆಮೇಲೆ ಕೋಟು ಬಿಗಿಯಾಯಿತು ಅಂತ ನನ್ನ ಹತ್ತಿರ ಜಗಳಕ್ಕೆ ಬರ್ತಾರೆ ಎಂದು ಗೊಣಗಿ, ಉಸಿರು ಪೂರ್ತಿ ಬಿಟ್ಟು ಹಾಗೇ ಇರಿ ಎಂದರು. ಅವಳು ಬಿಟ್ಟಳು. ಎಷ್ಟೋ ಇತ್ತು ಒಳಗೆ. ಮಾಸ್ಟರು ಅಂಕಿ ಓದಿದರು, ಟೇಪು ಸಡಿಲಿಸಿ, ಮತ್ತೊಮ್ಮೆ ಸುತ್ತಿ ಓದಿದರು, ಆಮೇಲೆ ಬರೆದುಕೊಂಡರು.